ಟೆರೇಸಿಗೆ ಮಾಡು, ಕೋಣೆಗೆ ಬೆಳಕು: ನನ್ನ ಅನುಭವ

ಟೆರೇಸಿಗೆ ಶೀಟಿನ ಮಾಡು (ಚಾವಣಿ) ಹಾಕಿಸಿದರೆ ಒಳಗಿನ ಕೋಣೆ ಕತ್ತಲಾಗಲೇಬೇಕು ಎಂಬುದು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕಟ್ಟಡ ಕೆಲಸದವರಲ್ಲಿ ಬೇರೂರಿದ ನಂಬಿಕೆ. ಎರಡು ಮಳೆಗಾಲ ಕಳೆದ ನನ್ನ ಮನೆಯ ಮಾಡಿನ ಕೆಳಗೆ ನಿಂತು ನೋಡಿದ ಮೇಲೆ, ಹಿಂದೆ ತಲೆಯಾಡಿಸಿದ್ದ ಮೇಸ್ತ್ರಿಗಳೇ ಈಗ ಅಳತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅಡಿಕೆ ಒಣಗಿಸಲು, ಬಟ್ಟೆ ಹರವಲು ಮಾಡು ಬೇಕೇ ಬೇಕು. ನನ್ನ ಮಹಡಿಯಲ್ಲಿ ಎರಡು ಮಲಗುವ ಕೋಣೆಗಳ ಮುಂದೆ, ದಕ್ಷಿಣಕ್ಕೆ, ಹನ್ನೆರಡು ಅಡಿ ಅಗಲದ ಟೆರೇಸು ಇದೆ. ಎಲ್ಲರೂ ಮಾಡುವಂತೆ ಶೀಟಿನ ಮೇಲಿನ ಅಂಚನ್ನು ಕಿಟಕಿಯ ಸನ್‌ಶೇಡಿಗಿಂತ ಸ್ವಲ್ಪ ಮೇಲೆ ಗೋಡೆಗೆ ತಾಗಿಸಿ, ನಡುನಡುವೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಕೂರಿಸುವುದು ಮೊದಲ ಪ್ರಯೋಗವಾಗಿತ್ತು. ಮಾರ್ಚಿನಲ್ಲಿ ಆ ಹಾಳೆಗಳ ಕೆಳಗೆ ನಿಲ್ಲಲಾಗಲಿಲ್ಲ. ಜುಲೈಯಲ್ಲಿ ಬೆಳಕು ಟೆರೇಸಿನ ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತೇ ಹೊರತು ಕೋಣೆಯೊಳಗೆ ಬರಲಿಲ್ಲ. ಮೂರು ಮೀಟರ್ ಉದ್ದದ ಹಾಳೆ ಬಿಸಿಲಿಗೆ ಏಳೆಂಟು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ತೂತು ದೊಡ್ಡದಾಗಿ ಕೊರೆಯಬೇಕೆಂದು ಹೇಳಿದ್ದರೂ ವೆಲ್ಡರ್ ಸ್ಕ್ರೂಗಳನ್ನು ಬಿಗಿಯಾಗಿಯೇ ಕೂರಿಸಿದ್ದರಿಂದ ಅಂಚುಗಳು ಸೀಳಿ ಸೋರಿದವು. ಮರುವರ್ಷ ಕಂಗಿನ ಸೋಗೆಯ ಕಸಕ್ಕೆ ಪಾಚಿ ಹಿಡಿಯಿತು. ಹದಿನೈದು ಸಾವಿರದ ಹತ್ತಿರ ನೀರಲ್ಲಿ ಹೋಯಿತು. ಒಂದು ಲಾಭವೆಂದರೆ, ಆ ಹಾಳೆಯ ಕೆಳಗೆ ಹರವಿದ ಅಡಿಕೆ ನಾಲ್ಕೈದು ದಿನ ಬೇಗ ಒಣಗಿದಂತೆ ಕಂಡಿತು. ಆದ್ದರಿಂದ ಸೀಳದೆ ಉಳಿದ ಹಾಳೆಗಳನ್ನು ಅಂಗಳದ ಅಡಿಕೆಗೂಡಿಗೆ ಸಾಗಿಸಿದ್ದೇನೆ.

ಅನಂತರ ಆರಿಂಚಿನ ಪಿವಿಸಿ ಪೈಪಿನೊಳಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬೆಳಕಿನ ಕೊಳವೆ ಮಾಡಿ ನೋಡಿದೆ. ಬಿಸಿಲಿದ್ದಾಗ ಅದು ಬಲ್ಬಿನಂತೆ ಉರಿಯುತ್ತಿತ್ತು, ಮೋಡ ಕವಿದರೆ ಇದ್ದೂ ಇಲ್ಲದಂತಿತ್ತು. ಮಳೆಗಾಲಕ್ಕೆಂದೇ ಹಾಕುವ ಮಾಡಿನಲ್ಲಿ ಬಿಸಿಲನ್ನೇ ನಂಬುವ ಉಪಾಯ ಕೆಲಸಕ್ಕೆ ಬಾರದು.

ಕೊನೆಗೆ ಮಾಡನ್ನು ಗೋಡೆಯಿಂದ ಬಿಡಿಸಿ ಮೇಲಕ್ಕೆತ್ತಿದೆ. ಕೋಣೆಗಳ ಸ್ಲ್ಯಾಬು ಟೆರೇಸಿನ ನೆಲದಿಂದ ಹತ್ತು ಅಡಿ ಎತ್ತರದಲ್ಲಿದೆ; ಶೀಟಿನ ಮೇಲಂಚನ್ನು ಹದಿಮೂರು ಅಡಿಗೆ ಒಯ್ದು, ಹೊರಗಿನ ಅಂಚನ್ನು ಎಂಟು ಅಡಿಗೆ ಇಳಿಸಿದೆ. ಸ್ಲ್ಯಾಬಿಗೂ ಶೀಟಿಗೂ ನಡುವೆ ಉಳಿದ, ಉತ್ತರಕ್ಕೆ ಮುಖ ಮಾಡಿದ ಪಟ್ಟಿಗೆ ಗಾಜಿನ ಲೂವರ್ (ಓರೆಯಾಗಿ ತೆರೆದು ಮುಚ್ಚುವ ಗಾಜಿನ ಪಟ್ಟಿಗಳ ಸಾಲು) ಕೂರಿಸಿದೆ. ಶೀಟಿನ ಒಳಮೈ ಹೇಗೂ ಗೋಡೆಯ ಕಡೆಗೇ ವಾಲಿರುವುದರಿಂದ, ಅದಕ್ಕೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಪಟ್ಟಿಯಿಂದ ಬಂದ ಬೆಳಕು ಅಲ್ಲಿಗೆ ಬಡಿದು ಹರಡಿ ಕಿಟಕಿಗಳತ್ತ ತಿರುಗುತ್ತದೆ. ಹೊಳಪಿನ ಬಣ್ಣ ಕಣ್ಣಿಗೆ ಕುಕ್ಕುವುದರಿಂದ ಬೇಡ. ಕೋಣೆಗಳ ಸ್ಲ್ಯಾಬಿನ ಮೇಲ್ಮೈಗೂ ಬಿಳಿ ಬಣ್ಣ ಕೊಟ್ಟದ್ದರಿಂದ ಅದೂ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ನೆಲದ ಕೆಂಪು ಟೈಲ್ಸು ಕೀಳಿಸಿ ಬಿಳಿಯದನ್ನು ಹಾಕಿಸಿದ ಮೇಲೆಯೇ ಫಲ ಪೂರ್ತಿಯಾಗಿ ಕಂಡಿತು. ಈ ಒಂದು ಖರ್ಚನ್ನು ಮಾತ್ರ ಮನೆಯಲ್ಲಿ ಒಪ್ಪಿಸುವುದು ಕಷ್ಟವಾಯಿತು.

ಉತ್ತರದ ಪಟ್ಟಿಯಿಂದ ಬಿಸಿಲು ನುಗ್ಗುವುದಿಲ್ಲವೇ ಎಂದು ಕೇಳಿದವರುಂಟು. ಕಾಸರಗೋಡು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ, ಆದರೆ ಜೂನ್ 21ರಂದೂ ಹನ್ನೊಂದು ಡಿಗ್ರಿಗಿಂತ ಹೆಚ್ಚಲ್ಲ. ಶೀಟನ್ನು ಸ್ಲ್ಯಾಬಿನ ಮೇಲೆ ಹಿಂದಕ್ಕೆ ಎರಡು ಅಡಿ ಚಾಚಿದರೆ ಅಷ್ಟಕ್ಕೆ ಸಾಕು, ಮೇಲಾಗಿ ಆ ದಿನಗಳಲ್ಲಿ ಹೆಚ್ಚಾಗಿ ಮೋಡವೇ ಇರುತ್ತದೆ. ಆ ಚಾಚು ನಿಜವಾಗಿ ಬೇಕಾಗುವುದು ಈಶಾನ್ಯದಿಂದ ಬಡಿಯುವ, ಅಕ್ಟೋಬರ್-ನವೆಂಬರಿನ ತುಲಾಮಳೆಗೆ. ಗಾಳಿಗೆ ಮಾಡು ಹಾರುತ್ತದೆ ಎಂದು ಹೆದರಿಸಿದ ಮೇಸ್ತ್ರಿಗೆ, ಕಂಬಗಳ ಪ್ಲೇಟುಗಳನ್ನು ಕೆಳಗಿನ ಕಾಂಕ್ರೀಟ್ ಪಿಲ್ಲರುಗಳ ನೆತ್ತಿಯಲ್ಲೇ ಬೋಲ್ಟ್ ಮಾಡಿದ್ದನ್ನೂ, ಲೂವರ್ ತೆರೆದಿಟ್ಟರೆ ಒಳಗೆ ನುಗ್ಗಿದ ಗಾಳಿ ಹೊರಹೋಗುವುದನ್ನೂ ತೋರಿಸಿಕೊಟ್ಟೆ.

ಇನ್ನೊಂದು ಕೆಲಸ ಸನ್‌ಶೇಡಿನದು. ಮಾಡು ಬಂದ ಮೇಲೆ ಅದಕ್ಕೆ ಮಳೆ ತಡೆಯುವ ಕೆಲಸ ಉಳಿಯುವುದಿಲ್ಲ. ಅದನ್ನು ಒಡೆಸುವ ಬದಲು ಮೇಲ್ಮೈಗೆ ಬಿಳಿ ಬಳಿದು, ಅದರ ಮೇಲಿನ ಗೋಡೆಯಲ್ಲಿ ಎರಡು ವರಸೆ ಮುರಕಲ್ಲು ತೆಗೆಸಿ ವೆಂಟಿಲೇಟರ್ ಇಡಿಸಿದೆ. ಸನ್‌ಶೇಡಿಗೆ ಬಿದ್ದ ಬೆಳಕು ಅಲ್ಲಿಂದ ಪುಟಿದು ಕೋಣೆಯ ಸೀಲಿಂಗಿಗೆ ತಾಗಿ, ಕಿಟಕಿಯ ಬೆಳಕು ಮುಟ್ಟದ ಹಿಂದಿನ ಮೂಲೆಗೆ ಇಳಿಯುತ್ತದೆ. ಅದು ಸ್ಲ್ಯಾಬಿನ ಭಾರ ಹೊರುವ ಗೋಡೆಯಾದ್ದರಿಂದ ಪ್ರತ್ಯೇಕ ಲಿಂಟಲ್ (ತೆರವಿನ ಮೇಲೆ ಭಾರ ಹೊರುವ ಅಡ್ಡತೊಲೆ) ಇಲ್ಲದೆ ಕಲ್ಲು ಕೀಳಿಸಬಾರದು. ವೆಂಟಿಲೇಟರಿನ ಕೆಳಗಿನ ಹೊಸ್ತಿಲನ್ನು ಎಷ್ಟು ಓರೆಯಾಗಿ ಕೆತ್ತಬೇಕು, ಲೂವರನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಕಸುಬಿನ ಅನ್ನ.

ಮೊಬೈಲಿನ ಲಕ್ಸ್ (ಬೆಳಕಿನ ಅಳತೆ) ಆ್ಯಪ್‌ನಲ್ಲಿ ಜುಲೈಯ ಮೋಡದ ಮಧ್ಯಾಹ್ನ ಅಳೆದಾಗ, ಹಳೆಯ ಮಾಡಿನಡಿ ಓದುವ ಮೇಜಿನ ಮೇಲೆ ಮೂವತ್ತರ ಆಸುಪಾಸು ಇದ್ದದ್ದು ಈಗ ನೂರೈವತ್ತರ ಹತ್ತಿರ ತೋರಿಸುತ್ತದೆ. ಮೊಬೈಲಿನ ಲೆಕ್ಕ ಕರಾರುವಾಕ್ಕಲ್ಲ, ಆದರೆ ಎರಡು ಸಲವೂ ಅದೇ ಮೊಬೈಲು, ಅದೇ ಮೇಜು. ಸಾಮಾನ್ಯ ಮಾಡಿಗೆ ಎಂಬತ್ತೈದು, ತೊಂಬತ್ತು ಸಾವಿರ ಆಗುತ್ತಿತ್ತು. ನನಗೆ ಟೈಲ್ಸು ಬಿಟ್ಟು ಒಂದೂಕಾಲು ಲಕ್ಷ ತಗಲಿತು. ಹೆಚ್ಚಿನ ದುಡ್ಡು ಹೋದದ್ದು ಕಬ್ಬಿಣಕ್ಕೇ, ಗಾಜಿಗಲ್ಲ.

ಪಶ್ಚಿಮದ ಟೆರೇಸಿಗೆ ಇದನ್ನು ಹಾಗೆಯೇ ಎತ್ತಿ ಹಾಕುವಂತಿಲ್ಲ, ಏಕೆಂದರೆ ಅಲ್ಲಿ ಪಟ್ಟಿ ಪೂರ್ವಕ್ಕೆ ಬಂದು ಬೆಳಗ್ಗಿನ ಬಿಸಿಲು ನೇರವಾಗಿ ಟೆರೇಸಿನೊಳಗೆ ನುಗ್ಗುತ್ತದೆ. ನೀರ್ಚಾಲಿನ ಒಂದು ಮನೆಯಲ್ಲಿ ಲೂವರಿಗೆ ಬದಲಾಗಿ ಹಾಲುಬಿಳಿ ಗಾಜು ಇಟ್ಟು ನೋಡುತ್ತಿದ್ದೇನೆ. ಈ ಮಳೆಗಾಲ ಮುಗಿದ ಮೇಲೆ ಅದರ ಅಳತೆ ಸಿಗಬಹುದು.