ಮನೆಯಂಗಳಕ್ಕೆ ಪಿಕಲ್‌ಬಾಲ್ ಕೋರ್ಟ್: ದುಡ್ಡು ಎಲ್ಲಿ ಹಾಕಬೇಕು?

ಪಿಕಲ್‌ಬಾಲ್ ಅಂದರೆ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಚಪ್ಪಟೆ ಬ್ಯಾಟಿನಿಂದ ನೆಟ್ಟಿನಾಚೆ ಹೊಡೆಯುವ, ಟೆನಿಸ್‌ನಂಥ ಆಟ. ಅದಕ್ಕೆ ಕೋರ್ಟ್ ಹಾಕಿಸೋಣ ಅಂತ ಬರುವವರೆಲ್ಲ ನನ್ನನ್ನು ಮೊದಲು ಕೇಳೋದು ಬಣ್ಣದ ಬಗ್ಗೆ. ಬಣ್ಣ ಆಮೇಲೆ ನೋಡೋಣ, ಮೊದಲು ಟೇಪ್ ಹಿಡೀರಿ ಅಂತೀನಿ. ಗೆರೆಯೊಳಗೆ 20 ಅಡಿ ಅಗಲ, 44 ಅಡಿ ಉದ್ದ. ಆದರೆ ಚೆಂಡಿನ ಹಿಂದೆ ಓಡೋಕೂ ಜಾಗ ಬೇಕಲ್ಲ? ಕನಿಷ್ಠ 30ಕ್ಕೆ 60 ಇಟ್ಟುಕೊಳ್ಳಿ. 880 ಚದರಡಿ ಅಂದುಕೊಂಡದ್ದು 1800 ಆಯ್ತು. ಎಸ್ಟಿಮೇಟ್ ಕೇಳುವಾಗ ಈ ಲೆಕ್ಕವನ್ನೇ ಕೊಡಿ.

ಕೈ ಬಿಗಿ ಹಿಡಿಯಬಾರದ್ದು ತಳಪಾಯದಲ್ಲಿ. ಮಣ್ಣು ಗಟ್ಟಿಮಾಡಿ, ಜಲ್ಲಿ ಹಾಸಿ, ರೋಲರ್ ಹೊಡೆಸದೆ ಕಾಂಕ್ರೀಟ್ ಸುರಿದರೆ ಮೇಲೆ ಎಂಥ ದುಬಾರಿ ಪೇಂಟ್ ಬಳಿದರೂ ಬಿರುಕು ತಪ್ಪದು. 4 ಇಂಚು ದಪ್ಪಕ್ಕೆ ಸುಮಾರು 17 ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತೆ. ಇಳಿಜಾರು 10 ಅಡಿಗೆ 1 ಇಂಚು, ಅದೂ ಒಂದೇ ಬದಿಗೆ. ನಡುವೆ ಉಬ್ಬಿಸಿ ಎರಡೂ ಕಡೆ ಇಳಿಸ್ತೀನಿ ಅನ್ನೋ ಮೇಸ್ತ್ರಿಗೆ ಬೇಡ ಅನ್ನಿ. ಕಾಂಕ್ರೀಟಿನ ಎರಡು ಹಾಸುಗಳ ನಡುವಿನ ಜಾಯಿಂಟ್ ನೆಟ್ಟಿನ ಕೆಳಗೇ ಬರಲಿ.

28 ದಿನ ಕಾದು, ನೆಲದ ಮೇಲೆ ನೀರು ಬಿಡಿ. ಒಂದು ಗಂಟೆ ಕಳೆದ ಮೇಲೂ ನೀರು ನಿಂತ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಆ ತಗ್ಗುಗಳನ್ನು ತುಂಬಿಸಿದ ಮೇಲಷ್ಟೇ ಅಕ್ರಿಲಿಕ್ ಕೋಟಿಂಗ್, ಅಂದರೆ ಆಟದ ನೆಲಕ್ಕೆ ಬಳಿಯುವ ಬಣ್ಣದ ಲೇಪ. ಅದರಲ್ಲಿ ಸಣ್ಣ ಮರಳು ಬೆರೆತಿರಲೇಬೇಕು, ಇಲ್ಲದಿದ್ದರೆ ಹನಿ ಬಿದ್ದರೂ ಜಾರುತ್ತೆ.

ಡಾಂಬರು ಸಾಮಾನ್ಯವಾಗಿ ಅಗ್ಗ, ರಿಪೇರಿ ಜಾಸ್ತಿ. ಹಳೇ ಕಾಂಕ್ರೀಟ್ ನೆಲ ಇದ್ದವರಿಗೆ ಪ್ಲಾಸ್ಟಿಕ್ ಟೈಲ್ ಸುಲಭ. ಪುಟಿತ ಮಾತ್ರ ಸ್ವಲ್ಪ ಮಂದ, ನನಗಂತೂ ಹಿಡಿಸಲ್ಲ.

ದುಡ್ಡು ಸಾಲದಿದ್ದರೆ ಬೇಲಿ, ಲೈಟ್ ಮುಂದೂಡಿ. ಆದರೆ ಲೈಟಿನ ವೈರಿಗೆ ಬೇಕಾದ ಪೈಪನ್ನು ಕಾಂಕ್ರೀಟಿಗೆ ಮುಂಚೆಯೇ ಹೂತಿಡಿ.