ಇದ್ದಿಲಿನ ಮಸಿಯಲ್ಲಿ ಸಿಕ್ಕ ಳಕಾರ

ಕನ್ನಡದ ಳಕಾರ ಹೇಳುವಾಗ ನಾಲಿಗೆ ಅಂಗುಳಿಗೆ ಎಲ್ಲಿ ತಾಗುತ್ತದೆ ಎಂದು ನಾನು ಹುಡುಕುತ್ತಿದ್ದೆ. ನಾಲಿಗೆಗೆ ಇದ್ದಿಲು ಬಳಿದು ಪದ ಹೇಳಿಸಿ, ಅಂಗುಳಿಗೆ ಹತ್ತಿದ ಗುರುತಿನ ಚಿತ್ರವನ್ನು ಬಾಯೊಳಗೆ ಕನ್ನಡಿಯಿಟ್ಟು ತೆಗೆಯುವುದು 1870ರ ದಶಕದ ವಿಧಾನ, ಅದರಿಂದ ಈಗ ಏನೂ ಸಿಗದು ಎಂದು ಜೊತೆಯ ಸಂಶೋಧಕರು ಹೇಳುತ್ತಲೇ ಇದ್ದರು. ನಾನು ಅದನ್ನು ಬಿಡದಿರಲು ಹಣವೂ ಒಂದು ಕಾರಣ. ನಾಲಿಗೆ ತಾಗಿದ ಜಾಗವನ್ನು ದಾಖಲಿಸುವ, ವಿದ್ಯುದ್ವಾರಗಳಿರುವ ಕೃತಕ ಅಂಗುಳನ್ನು ಪ್ರತಿಯೊಬ್ಬ ಭಾಷಿಕನ ಹಲ್ಲಿನ ಅಚ್ಚಿಗೆ ತಕ್ಕಂತೆ ಬೇರೆಯಾಗಿಯೇ ಮಾಡಿಸಬೇಕು. ನನ್ನಲ್ಲಿದ್ದ ಹಣ ಇಬ್ಬರಿಗಷ್ಟೇ ಸಾಲುತ್ತಿತ್ತು. ಇದ್ದಿಲು, ಎಣ್ಣೆ, ಕುಂಚ, ಕನ್ನಡಿಗಳಿಗೆ ಅದರ ಹತ್ತನೆಯ ಒಂದು ಪಾಲೂ ಖರ್ಚಾಗಲಿಲ್ಲ.

ಆದರೆ ಮೊದಲ ನಲವತ್ತು ಚಿತ್ರಗಳಾದರೂ ಹಾಳಾದವು. ಕನ್ನಡಿಯ ಮೇಲೆ ಉಸಿರಿನ ಹಬೆ ಕೂರುತ್ತಿತ್ತು, ಎಣ್ಣೆ ಹೆಚ್ಚಾದರೆ ಗುರುತಿನ ಅಂಚು ಹರಿದುಹೋಗುತ್ತಿತ್ತು, ಕೆಲವರು ಕನ್ನಡಿ ಇಡುವ ಮೊದಲೇ ಉಗುಳು ನುಂಗಿಬಿಡುತ್ತಿದ್ದರು. ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದ ಮೇಲೆ ಹಬೆಯ ಕಾಟ ತಪ್ಪಿತು. ಮಸಿ ಹರಿಯದಂತೆ ನಾನು ಬೆರೆಸಿದ ಮೂರನೆಯ ಪುಡಿ ಯಾವುದು, ಎಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ದೊಡ್ಡ ತಪ್ಪು ಪದಗಳ ಆಯ್ಕೆಯಲ್ಲಿತ್ತು. ‘ಬಳೆ’, ‘ಇಳಿ’ ಎಂದು ಹೇಳಿಸಿದಾಗ ಎ, ಇ ಸ್ವರಗಳಿಗಾಗಿ ನಾಲಿಗೆಯ ನಡುಭಾಗ ಮೇಲೇರಿ, ಅದರ ಅಂಚುಗಳು ಅಂಗುಳಿನ ಎರಡೂ ಬದಿಗೆ ತಾಗಿ, ಸ್ವರದ ಗುರುತನ್ನೂ ವ್ಯಂಜನದ ಗುರುತನ್ನೂ ಬೇರ್ಪಡಿಸಲಾಗಲಿಲ್ಲ. ಎರಡು ತಿಂಗಳ ಕೆಲಸವನ್ನು ಬದಿಗಿಟ್ಟು ‘ಆಟ’, ‘ಆಲ’, ‘ಆಳ’ಗಳಿಂದ ಮತ್ತೆ ಆರಂಭಿಸಿದೆ.

ಆಗ ದಾರಿ ತೆರೆಯಿತು. ಅಂಗುಳಿಗೆ ಮಸಿ ಬಳಿದು ‘ಆಲ’ ಎನ್ನಿಸಿದರೆ ನಾಲಿಗೆಯ ತುದಿಯ ಅಂಚು ಕಪ್ಪಾಗುತ್ತಿತ್ತು. ‘ಆಳ’ ಎನ್ನಿಸಿದರೆ ಮೇಲ್ಮೈ ಶುಭ್ರವಾಗಿಯೇ ಇದ್ದು, ತುದಿಯನ್ನು ಎತ್ತಿಸಿ ನೋಡಿದಾಗ ಕೆಳಮೈಯಲ್ಲಿ ಅರ್ಧ ಉಗುರಿನಷ್ಟು ಅಗಲದ ಕಪ್ಪು ಪಟ್ಟಿ ಕಾಣುತ್ತಿತ್ತು. 1983ರಲ್ಲಿ ಧ್ವನಿವಿಜ್ಞಾನಿಗಳಾದ ಲಾಡೆಫೋಗೆಡ್ ಮತ್ತು ಭಾಸ್ಕರರಾವ್ ಅವರು ತೆಲುಗು, ತಮಿಳಿನ ಮೂರ್ಧನ್ಯಗಳಲ್ಲಿ (ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ಹೇಳುವ ಧ್ವನಿಗಳಲ್ಲಿ) ಎಕ್ಸ್-ರೇ ಮೂಲಕ ತೋರಿಸಿದ್ದ ಸ್ಪರ್ಶವನ್ನೇ ನಾನು ಒಂದು ಕುಂಚದಿಂದ ಕಂಡಿದ್ದೆ. ಪಿಸುದನಿಯಲ್ಲಿ ಹೇಳಿಸಿಯೂ ನೋಡಿದೆ. ಗುರುತಿನ ಸ್ಥಾನ ಕದಲಲಿಲ್ಲ.

ಇಷ್ಟಾದರೂ ಕೆಲವರು ಒಪ್ಪದಿದ್ದಾಗ ಅದೇ ಭಾಷಿಕರ ಧ್ವನಿಮುದ್ರಣಗಳನ್ನು ಪ್ರಾಟ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ ಅಳೆದೆ. ಳಕಾರಕ್ಕೆ ಮುಂಚಿನ ಸ್ವರದ ಕೊನೆಯಲ್ಲಿ ಮೂರನೆಯ ಫಾರ್ಮೆಂಟ್ (ಬಾಯಿಯ ಆಕಾರದಿಂದ ಹುಟ್ಟುವ ಅನುರಣನದ ಆವರ್ತನ) ಸುಮಾರು 2500 ಹರ್ಟ್ಸ್‌ನಿಂದ 2000ದ ಆಸುಪಾಸಿಗೆ ಇಳಿದಿತ್ತು. ಈ ಇಳಿತ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿದ್ದರ ಕುರುಹು. ಏಳು ಜನರಲ್ಲಿ ಒಬ್ಬರ ನಾಲಿಗೆಯ ಕೆಳಮೈಗೆ ಮಾತ್ರ ಮಸಿ ಹತ್ತಲಿಲ್ಲ, ಅವರು ತುದಿಯನ್ನಷ್ಟೇ ತಾಗಿಸುತ್ತಿದ್ದರು. ನಾಲ್ಕು ಸಲ ಚಿತ್ರ ತೆಗೆದರೂ ಅದೇ ಬಂತು. ಅವರ ಫಾರ್ಮೆಂಟಿನ ಇಳಿತವೂ ಉಳಿದವರದರ ಅರ್ಧದಷ್ಟೇ ಇತ್ತು.