ಹತ್ತೊಂಬತ್ತು ಚೀಟಿ, ಮೂರು ತೀರ್ಪು

ಸಮಿತಿಗಳ ಮತ್ತು ತಂಡಗಳ ಸಭೆಗಳಲ್ಲಿ ಸದಸ್ಯರ ಒಲವುಗಳನ್ನು ಕೇಳಿ ಬರೆದುಕೊಂಡು, ಎಣಿಸಿ, ಅವುಗಳಿಂದ ಒಂದು ತೀರ್ಮಾನವನ್ನು ಹೊರತೆಗೆಯುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಮೊದಮೊದಲು ಇದು ಬರೀ ಕೂಡುವ ಲೆಕ್ಕವೆಂದೇ ನಾನು ತಿಳಿದಿದ್ದೆ. ಯಾರಿಗೆ ಏನು ಬೇಕೆಂಬುದು ಅವರವರ ಮನಸ್ಸಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ, ಕೇಳಿ ಕೂಡಿಸಿದರೆ ಗುಂಪಿನ ಇಚ್ಛೆ ತಾನಾಗಿ ತಿಳಿಯುತ್ತದೆ ಎಂದುಕೊಂಡಿದ್ದೆ. ಆ ತಿಳಿವಳಿಕೆಯನ್ನು ಬುಡಮೇಲು ಮಾಡಿದ್ದು 19 ಜನರ ಒಂದು ತಂಡ.

ಉಳಿತಾಯದ ಹಣವನ್ನು ಹೊಸ ಯಂತ್ರಕ್ಕೆ ಹಾಕಬೇಕೋ, ಸಿಬ್ಬಂದಿಯ ತರಬೇತಿಗೋ, ಕಟ್ಟಡದ ದುರಸ್ತಿಗೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಕೈ ಎತ್ತಲು ಹೇಳಿದೆ. ಯಂತ್ರಕ್ಕೆ 8, ದುರಸ್ತಿಗೆ 6, ತರಬೇತಿಗೆ 5. ಯಂತ್ರವೆಂದು ನಡಾವಳಿ ಪುಸ್ತಕದಲ್ಲಿ ಬರೆಯಲು ಹೊರಟಾಗ ಹಿರಿಯ ಸದಸ್ಯೆಯೊಬ್ಬರು, "ಉಳಿದ ಹನ್ನೊಂದು ಜನಕ್ಕೆ ಯಂತ್ರ ಎಷ್ಟನೆಯದು ಅಂತ ನೀವು ಕೇಳಲೇ ಇಲ್ಲವಲ್ಲ" ಎಂದರು. ಕೇಳಿರಲಿಲ್ಲ, ನಿಜ. ಚೀಟಿ ಹಂಚಿ, ಮೂರನ್ನೂ ಇಷ್ಟದ ಕ್ರಮದಲ್ಲಿ ಬರೆಯಲು ಹೇಳಿದೆ.

ಚೀಟಿಗಳನ್ನು ಬಿಡಿಸಿ ಗುಡ್ಡೆ ಹಾಕಿದಾಗ ಮೂರೇ ಗುಡ್ಡೆಗಳಾದವು. ಎಂಟು ಜನ ಯಂತ್ರ, ತರಬೇತಿ, ದುರಸ್ತಿ ಎಂದು ಬರೆದಿದ್ದರು. ಆರು ಜನ ದುರಸ್ತಿ, ತರಬೇತಿ, ಯಂತ್ರ ಎಂದು. ಐದು ಜನ ತರಬೇತಿ, ದುರಸ್ತಿ, ಯಂತ್ರ ಎಂದು. ಮೊದಲ ಆಯ್ಕೆಗಳನ್ನಷ್ಟೇ ಎಣಿಸಿದರೆ ಯಂತ್ರ ಗೆಲ್ಲುತ್ತದೆ. ಅತಿ ಕಡಿಮೆ ಮತ ಪಡೆದ ತರಬೇತಿಯನ್ನು ಕೈಬಿಟ್ಟು ಎರಡನೆಯ ಸುತ್ತು ನಡೆಸಿದರೆ ಆ ಐದು ಮತಗಳು ದುರಸ್ತಿಗೆ ಹೋಗಿ, ದುರಸ್ತಿ 11–8ರಿಂದ ಗೆಲ್ಲುತ್ತದೆ. ಎರಡೆರಡನ್ನೇ ಎದುರುಬದುರು ನಿಲ್ಲಿಸಿದರೆ ತರಬೇತಿ ಯಂತ್ರವನ್ನು 11–8ರಿಂದಲೂ ದುರಸ್ತಿಯನ್ನು 13–6ರಿಂದಲೂ ಸೋಲಿಸುತ್ತದೆ. ಯಾರೂ ಮನಸ್ಸು ಬದಲಿಸಿರಲಿಲ್ಲ, ಒಂದು ಚೀಟಿಯೂ ತಿದ್ದುಪಡಿಯಾಗಿರಲಿಲ್ಲ; ಬದಲಾದದ್ದು ನಾನು ಎಣಿಸಿದ ಬಗೆ ಮಾತ್ರ.

ಇದು ಹೊಸ ತೊಡಕೇನೂ ಅಲ್ಲವೆಂದು ಆಮೇಲೆ ಓದಿ ತಿಳಿದೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿದ್ದ ಬೋರ್ಡಾ ಕ್ರಮಪಟ್ಟಿಯ ಪ್ರತಿ ಸ್ಥಾನಕ್ಕೂ ಅಂಕ ಕೊಟ್ಟು ಕೂಡಿಸುವ ವಿಧಾನವನ್ನು ಮುಂದಿಟ್ಟರು. ಅದೇ ಅಕಾಡೆಮಿಯ ಕಾಂಡೋರ್ಸೆ 1785ರಲ್ಲಿ ಜೋಡಿ ಹೋಲಿಕೆಯ ಪರವಾಗಿ ವಾದಿಸಿದರು. ನಮ್ಮ ಚೀಟಿಗಳಿಗೆ 2, 1, 0 ಎಂದು ಅಂಕ ಹಾಕಿದರೆ ತರಬೇತಿಗೆ 24, ದುರಸ್ತಿಗೆ 17, ಯಂತ್ರಕ್ಕೆ 16. ಇಲ್ಲಿ ಇಬ್ಬರ ವಿಧಾನಗಳೂ ಒಂದೇ ಉತ್ತರ ಕೊಡುತ್ತವೆ, ಎಲ್ಲ ಕಡೆಯೂ ಹಾಗಾಗುವುದಿಲ್ಲ. ತರಬೇತಿಯನ್ನು ಒಬ್ಬರೂ ಕೊನೆಯಲ್ಲಿ ಬರೆದಿರಲಿಲ್ಲವೆಂಬುದನ್ನು ಗಮನಿಸಬೇಕು. ಆಯ್ಕೆಗಳನ್ನು ಒಂದು ಗೆರೆಯ ಮೇಲೆ ಜೋಡಿಸಬಹುದಾಗಿದ್ದು, ಪ್ರತಿಯೊಬ್ಬರ ಒಲವೂ ತಮ್ಮ ಮೆಚ್ಚಿನ ಬಿಂದುವಿನಿಂದ ಎರಡೂ ಕಡೆಗೆ ಇಳಿಯುತ್ತ ಹೋದರೆ, ನಟ್ಟನಡುವೆ ನಿಂತವರ ಆಯ್ಕೆಯನ್ನು ಯಾವ ಆಯ್ಕೆಯೂ ಬಹುಮತದಿಂದ ಸೋಲಿಸಲಾರದೆಂದು ಅರ್ಥಶಾಸ್ತ್ರಜ್ಞ ಡಂಕನ್ ಬ್ಲ್ಯಾಕ್ 1948ರಲ್ಲಿ ತೋರಿಸಿದ್ದರು. ನಮ್ಮ 19 ಜನರನ್ನು ಯಂತ್ರ, ತರಬೇತಿ, ದುರಸ್ತಿ ಎಂಬ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಹತ್ತನೆಯವರು ತರಬೇತಿಯ ಗುಡ್ಡೆಯವರು.

ಆದರೆ ಅಂದು ಸಭೆಯಲ್ಲಿ ಈ ಯಾವ ವಿವರಣೆಯೂ ಕೆಲಸಕ್ಕೆ ಬರಲಿಲ್ಲ. ಚೀಟಿಗಳು ಬಿಚ್ಚಿದ್ದವು, ಯಾವ ನಿಯಮ ಹಿಡಿದರೆ ಯಾವುದು ಗೆಲ್ಲುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಯಂತ್ರದವರು ಕೈ ಎತ್ತುವ ಪದ್ಧತಿಯೇ ಸರಳವೆಂದರು, ದುರಸ್ತಿಯವರು ಎರಡನೆಯ ಸುತ್ತೇ ನ್ಯಾಯವೆಂದರು. ನಿಯಮದ ಹೆಸರಿನಲ್ಲಿ ಮತ್ತೆ ಅದೇ ಮೂರು ಆಯ್ಕೆಗಳ ಜಗಳ ನಡೆಯಿತು. ಎಣಿಕೆಯ ನಿಯಮವನ್ನು ಚೀಟಿ ಹಂಚುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳದಿದ್ದುದು ನನ್ನ ತಪ್ಪು. ಅಲ್ಲಿಂದೀಚೆಗೆ ಆ ತಪ್ಪನ್ನು ಮಾಡಿಲ್ಲ.

ಒಲವನ್ನು ಅಳೆಯುವುದರಲ್ಲೂ ನಾನು ಎಡವಿದ್ದೇನೆ. ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಕೇಳುವುದು ಸುಲಭ. ಐದು ಹಂತಗಳ ಮಾಪನ ಮನೋವಿಜ್ಞಾನಿ ಲೈಕರ್ಟರ 1932ರ ಲೇಖನದಿಂದೀಚೆಗೆ ಎಲ್ಲ ಕಡೆ ಬಳಕೆಯಲ್ಲಿದೆ. ಅಂಕಗಳನ್ನು ಬೇರೆ ಬೇರೆ ಜನರಿಂದ ತಂದು ಕೂಡಿಸುವಾಗ ಕಷ್ಟ ಬರುತ್ತದೆ. ನಾನು ನೋಡಿದ ಒಂದು ತಂಡದಲ್ಲಿ ಒಬ್ಬರು ಎಲ್ಲದಕ್ಕೂ 4 ಅಥವಾ 5 ಕೊಟ್ಟಿದ್ದರು, ಇನ್ನೊಬ್ಬರು 3ರ ಮೇಲೆ ಹೋಗಿಯೇ ಇರಲಿಲ್ಲ. ಎರಡನೆಯವರ 3 ಮೊದಲನೆಯವರ 5ಕ್ಕೆ ಸಮವೋ ಅಲ್ಲವೋ ಎಂದು ಹೇಳುವ ತಕ್ಕಡಿ ನನ್ನ ಬಳಿ ಇರಲಿಲ್ಲ, ಯಾರ ಬಳಿಯೂ ಇಲ್ಲ. ಆದ್ದರಿಂದ ಆಯ್ಕೆಗಳು ಕೆಲವೇ ಇದ್ದಾಗ ಎರಡೆರಡನ್ನೇ ಮುಂದಿಟ್ಟು ಯಾವುದು ಮೇಲು ಎಂದು ಕೇಳುತ್ತೇನೆ. ತರ್ಸ್ಟನ್ ಎಂಬ ಮನೋವಿಜ್ಞಾನಿ 1927ರಲ್ಲೇ ಇಂಥ ಹೋಲಿಕೆಗಳಿಂದ ಅಳತೆಗೋಲನ್ನು ಕಟ್ಟುವ ದಾರಿ ತೋರಿಸಿದ್ದರು. ಏಳು ಆಯ್ಕೆಗಳಿಗೆ 21 ಜೋಡಿ, ಹತ್ತಕ್ಕೆ 45. ಅಷ್ಟು ಹೊತ್ತಿಗೆ ಉತ್ತರಿಸುವವರು ದಣಿದು ಕಣ್ಣುಮುಚ್ಚಿ ಗುರುತು ಹಾಕತೊಡಗುತ್ತಾರೆ.

ಈ ವಿಧಾನದಲ್ಲಿ ಒಬ್ಬರ ಉತ್ತರಗಳು ತಮ್ಮೊಳಗೇ ಹೊಂದುತ್ತವೆಯೇ ಎಂದು ಪರೀಕ್ಷಿಸಬಹುದು. ಒಮ್ಮೆ ಸಹೋದ್ಯೋಗಿಯೊಬ್ಬರು ಮೊದಲನೆಯದು ಎರಡನೆಯದಕ್ಕಿಂತ ಮೇಲು, ಎರಡನೆಯದು ಮೂರನೆಯದಕ್ಕಿಂತ ಮೇಲು, ಮೂರನೆಯದು ಮೊದಲನೆಯದಕ್ಕಿಂತ ಮೇಲು ಎಂದು ಗುರುತು ಹಾಕಿದ್ದರು. ಕಣ್ತಪ್ಪಿರಬೇಕೆಂದು ಹಾಳೆಯನ್ನು ಹಿಂತಿರುಗಿಸಿದೆ. ಅವರು ನಿಧಾನವಾಗಿ ನೋಡಿ, ಮೊದಲ ಜೋಡಿಯಲ್ಲಿ ಖರ್ಚನ್ನು, ಎರಡನೆಯದರಲ್ಲಿ ಬೇಕಾಗುವ ಸಮಯವನ್ನು, ಮೂರನೆಯದರಲ್ಲಿ ಉಪಯೋಗವನ್ನು ನೋಡಿ ಬರೆದದ್ದಾಗಿ ಹೇಳಿದರು. ತಪ್ಪು ಅವರದಾಗಿರಲಿಲ್ಲ, ಯಾವುದನ್ನು ಯಾವುದರ ಪಕ್ಕದಲ್ಲಿ ಇಟ್ಟೆವೆಂಬುದೇ ಒಲವನ್ನು ಅಷ್ಟಿಷ್ಟು ರೂಪಿಸುತ್ತದೆ. ಪ್ರಶ್ನೆಯ ಮಾತುಗಳೂ ಹಾಗೆಯೇ. ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಕ್ಕೆ ತುತ್ತಾಗಬಹುದಾದ 600 ಜನರಲ್ಲಿ 200 ಜನ ಖಂಡಿತ ಉಳಿಯುವ ಯೋಜನೆಯನ್ನು ನೂರಕ್ಕೆ 72 ಮಂದಿ ಆರಿಸಿದರೆ, ಅದೇ ಯೋಜನೆಯನ್ನು 400 ಜನ ಸಾಯುತ್ತಾರೆಂದು ವಿವರಿಸಿದಾಗ ನೂರಕ್ಕೆ 22 ಮಂದಿಯಷ್ಟೇ ಆರಿಸಿದರು. ಈಗ ನಾನು ಪ್ರಶ್ನೆಯ ಒಕ್ಕಣೆಯನ್ನು ಬೇರೆ ಬೇರೆ ಪಕ್ಷದ ಇಬ್ಬರಿಗೆ ಮೊದಲೇ ತೋರಿಸುತ್ತೇನೆ. ಚರ್ಚೆಗೆ ಮುಂಚೆ ಒಮ್ಮೆ, ಚರ್ಚೆಯ ನಂತರ ಒಮ್ಮೆ ಚೀಟಿ ಬರೆಸುತ್ತೇನೆ. ಮೊದಲು ಮಾತಾಡಿದವರ ಕಡೆಗೆ ಎಷ್ಟು ಜನ ವಾಲಿದರೆಂಬುದು ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಚಾಣಾಕ್ಷರು ಇದ್ದೇ ಇರುತ್ತಾರೆ. ಐದು ಜನರ ಸಮಿತಿಯೊಂದರಲ್ಲಿ ಬೋರ್ಡಾ ಪದ್ಧತಿಯನ್ನು ಒಪ್ಪಿಸಿದ್ದೆ. ಎರಡು ಪ್ರಸ್ತಾವಗಳಿದ್ದು, ಮೂವರು ಮೊದಲನೆಯದರ, ಇಬ್ಬರು ಎರಡನೆಯದರ ಪರವಾಗಿದ್ದರು. ಆ ಇಬ್ಬರು ಕೊನೆಯ ಗಳಿಗೆಯಲ್ಲಿ, ಎರಡನೆಯದನ್ನೇ ಹೋಲುವ ಆದರೆ ಅದಕ್ಕಿಂತ ಸಪ್ಪೆಯಾದ ಮೂರನೆಯ ಪ್ರಸ್ತಾವವನ್ನು ತಂದರು. ಮೂವರು ಅದನ್ನು ಕೊನೆಗೆ ಹಾಕಿದರು. ಇಬ್ಬರು ಅದನ್ನು ನಡುವೆ ಸೇರಿಸಿ ಮೊದಲನೆಯದನ್ನು ತಳಕ್ಕೆ ತಳ್ಳಿದರು. ಮೊದಲನೆಯದಕ್ಕೆ 6, ಎರಡನೆಯದಕ್ಕೆ 7, ಹೊಸದಕ್ಕೆ 2. ಐವರಲ್ಲಿ ಮೂವರಿಗೆ ಬೇಕಾದದ್ದು ಸೋತಿತು. ಗುಂಪಿನ ತೀರ್ಪು ಎರಡು ಆಯ್ಕೆಗಳ ನಡುವೆ ನಿರ್ಧರಿಸುವಾಗ ಮೂರನೆಯದರ ಕಡೆ ನೋಡಬಾರದು, ಎಲ್ಲರೂ ಒಪ್ಪಿದ್ದನ್ನು ಒಪ್ಪಬೇಕು, ಜನ ಯಾವ ಕ್ರಮ ಬರೆದರೂ ಸುಸಂಬದ್ಧ ಕ್ರಮಪಟ್ಟಿಯನ್ನೇ ಕೊಡಬೇಕು, ಯಾರೊಬ್ಬರ ಮಾತೂ ಸದಾ ನಡೆಯುವಂತಾಗಬಾರದು ಎಂಬ ಷರತ್ತುಗಳನ್ನೆಲ್ಲ ಒಟ್ಟಿಗೆ ಪೂರೈಸುವ ನಿಯಮ, ಆಯ್ಕೆಗಳು ಮೂರು ಅಥವಾ ಹೆಚ್ಚಿದ್ದಾಗ, ಇರಲಾರದೆಂದು ಅರ್ಥಶಾಸ್ತ್ರಜ್ಞ ಕೆನ್ನೆತ್ ಆರೋ 1951ರಲ್ಲಿ ಸಾಧಿಸಿದ್ದು ಅಂದು ನನಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಜೋಡಿ ಹೋಲಿಕೆಯ ಕಷ್ಟವೇ ಬೇರೆ. ಒಂಬತ್ತು ಜನರ ಇತ್ತೀಚಿನ ಒಂದು ಸಭೆಯಲ್ಲಿ ಮೊದಲನೆಯದು ಎರಡನೆಯದನ್ನು 6–3ರಿಂದ, ಎರಡನೆಯದು ಮೂರನೆಯದನ್ನು 7–2ರಿಂದ, ಮೂರನೆಯದು ಮೊದಲನೆಯದನ್ನು 5–4ರಿಂದ ಸೋಲಿಸಿತು. ಒಂಬತ್ತರಲ್ಲಿ ಯಾರೊಬ್ಬರ ಚೀಟಿಯಲ್ಲೂ ಇಂಥ ಸುತ್ತು ಇರಲಿಲ್ಲ. ಸುತ್ತು ಇದ್ದದ್ದು ಗುಂಪಿನಲ್ಲಿ. ಹೀಗಾದರೆ ಅತಿ ಕಡಿಮೆ ಅಂತರದ ಗೆಲುವನ್ನು ಕೈಬಿಡಬೇಕೆಂದು ಮೊದಲೇ ಬರೆದಿಟ್ಟಿದ್ದೆವು. 5–4ರ ಗೆಲುವನ್ನು ಕೈಬಿಟ್ಟು ಮೊದಲನೆಯದೇ ಎಂದು ಘೋಷಿಸಿದೆ. ಮೂರನೆಯದರ ಪರವಾಗಿದ್ದವರು ತಕರಾರು ತೆಗೆಯಲಿಲ್ಲ, ಆದರೆ ಮೂರೂ ಜೋಡಿಗಳ ಅಂಕಿಗಳನ್ನು ನಡಾವಳಿ ಪುಸ್ತಕದಲ್ಲಿ ಹಾಗೇ ಬರೆಯಬೇಕೆಂದು ಕೇಳಿಕೊಂಡರು. ಬರೆದೆ.